ಕರಿದ ಎಣ್ಣೆ ಮೋರಿಗೆ ಬೇಡ



ಆಂಟಾಪ್ ಹಿಲ್‌ನ ನಮ್ಮ ಹೋಟೇಲುಗಳಲ್ಲಿ ಅನ್ನ ಉಳಿದರೆ ಮನಸ್ಸಿಗೆ ಚುಚ್ಚುತ್ತದೆ. ವಡೆ, ಬೋಂಡಾ ಕರಿದು ಕಪ್ಪಾದ ಎಣ್ಣೆಯನ್ನು ಮೋರಿಗೆ ಸುರಿಯುವಾಗ ಮಾತ್ರ ನಾವು ಯೋಚಿಸುವುದಿಲ್ಲ. ಆ ಜಿಡ್ಡು ಪೈಪಿನೊಳಗೆ ಗಟ್ಟಿಯಾಗಿ, ಕೊಳೆನೀರು ನಮ್ಮ ಅಡುಗೆಮನೆಗೇ ಮರಳುತ್ತದೆ. ಅಗ್ಗಕ್ಕೆ ಮಾರಿದರೆ ಅದರಲ್ಲೇ ಮತ್ತೆ ಕರಿದ ತಿಂಡಿ ಯಾರದೋ ಮಕ್ಕಳ ಹೊಟ್ಟೆ ಸೇರುತ್ತದೆ.

2018ರ ಜುಲೈ 1ರಿಂದ, ಒಟ್ಟು ಪೋಲಾರ್ ಅಂಶ ಶೇಕಡಾ 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ಆದರೆ ಅದರಿಂದ ಬಯೋಡೀಸೆಲ್ ಆಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 'ರುಕೋ' ಯೋಜನೆ ಇರುವುದು ಇದಕ್ಕಾಗಿಯೇ. ಎಣ್ಣೆಯನ್ನು ಆರಿಸಿ, ಸೋಸಿ, ಡಬ್ಬಕ್ಕೆ ತುಂಬಿ ಅಧಿಕೃತ ಸಂಗ್ರಾಹಕರಿಗೆ ಕೊಡೋಣ, ಲೆಕ್ಕ ಬರೆದಿಡೋಣ.

ಮನೆಯಲ್ಲೂ ಬಾಣಲೆಯನ್ನು ತೊಳೆಯುವ ಮುನ್ನ ಹಳೆ ಪೇಪರಿನಿಂದ ಒರೆಸೋಣ.