ಲಾಕಪ್ಪಿನಿಂದ ಬಿಟ್ಟರೆ ಮುಗೀತೇ? ಒಂದು ವರ್ಷದ ಗಡುವು ಯಾರಿಗೆ ಗೊತ್ತು!

ಕಳೆದ ಸೋಮವಾರ ಸಂಜೆ ಪೇಪರು ಅಚ್ಚಾಗಿ ಹುಡುಗರು ಕಟ್ಟು ಹೊತ್ತುಕೊಂಡು ಹೋದ ಮೇಲೆ, ಎಪಿಎಂಸಿ ಯಾರ್ಡಿನ ಹಮಾಲರೊಬ್ಬರು ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ವಯಸ್ಸು ಐವತ್ತು ದಾಟಿದೆ. ಹೆಗಲ ಮೇಲಿನ ಟವೆಲ್ಲಿನಿಂದ ಬೆಂಚು ಒರೆಸಿ ಕೂತರು.

"ಸಾಹೇಬ್ರ, ನನ್ನ ಎರಡ್ ರಾತ್ರಿ ಸ್ಟೇಷನ್ನಾಗ ಕುಂಡ್ರಿಸಿದ್ರು. ಕಳ್ಳ ನಾ ಅಲ್ಲ ಅಂತ ಅವರಿಗೇ ಗೊತ್ತಾತು, ಬಿಟ್ರು. ಅದಕ್ಕ ಏನರ ಕೇಳಾಕ ಬರ್ತೈತೇನ್ರಿ?"

ನಡೆದದ್ದಿಷ್ಟು. ಯಾರ್ಡಿನ ಒಂದು ಅಂಗಡಿಯಿಂದ ಮೆಣಸಿನಕಾಯಿ ಚೀಲಗಳು ಕಾಣೆಯಾದವು. ಮಾಲೀಕರಿಗೆ ಇವರ ಮೇಲೆ ಗುಮಾನಿ. ರಾತ್ರಿ ಊಟಕ್ಕೆ ಕೂತವರನ್ನು "ಸಾಹೇಬ್ರು ಕರೀತಾರ, ಐದ್ ನಿಮಿಷ" ಅಂತ ಎಬ್ಬಿಸಿಕೊಂಡು ಹೋದರು. ಆ ಐದು ನಿಮಿಷ ಮುಗಿದದ್ದು ಮೂರನೆಯ ದಿನ ಬೆಳಿಗ್ಗೆ! ಹೆಂಡತಿ ಬುತ್ತಿ ಹಿಡಿದು ಠಾಣೆಯ ಬಾಗಿಲಲ್ಲಿ ನಿಂತದ್ದೇ ಬಂತು. ಚೀಲಗಳು ಬೇರೆ ಕಡೆ ಸಿಕ್ಕವು, ಇವರನ್ನು ಬಿಟ್ಟರು. ಎಫ್‌ಐಆರ್‌ನಲ್ಲಿ ಹೆಸರಿಲ್ಲ, ಬಂಧನದ ಕಾಗದವಿಲ್ಲ, ಕೋರ್ಟಿಗೆ ಹಾಜರುಪಡಿಸಿದ್ದೂ ಇಲ್ಲ. ಠಾಣೆಯ ಹೆಸರು ಇಲ್ಲಿ ಬೇಡ. ಆದರೆ ಇವತ್ತಿಗೂ ಯಾರ್ಡಿನಲ್ಲಿ ಕೆಲವರು ಇವರ ಬೆನ್ನಿಗೆ ಚೀಲ ಹೊರಿಸಲು ಹಿಂದೆ ಮುಂದೆ ನೋಡುತ್ತಾರೆ.

"ಇದಾಗಿ ಎಷ್ಟ್ ದಿನ ಆತು ಕಾಕಾ?" ಅಂದೆ.

"ಹ್ವಾದ ವರ್ಷ, ನಮ್ಮೂರ ಜಾತ್ರಿ ಮುಂದ."

ಲೆಕ್ಕ ಹಾಕಿದರೆ ಹನ್ನೊಂದು ತಿಂಗಳು ಕಳೆದು ಹನ್ನೆರಡನೆಯದು ಓಡುತ್ತಿದೆ. ನನ್ನ ಎದೆ ಧಸಕ್ಕೆಂದಿತು.

ವರ್ಷ ದಾಟಿದರೆ ದಾವೆ ಇಲ್ಲ!

ಪಿಯುಸಿ ಅರ್ಧಕ್ಕೆ ಬಿಟ್ಟ ನಾನೇನೂ ಕಾನೂನು ಪಂಡಿತನಲ್ಲ. ಕೋರ್ಟು ವರದಿ ಮಾಡುತ್ತಾ, ವಕೀಲರ ಕೊಠಡಿಯಲ್ಲಿ ಚಹಾ ಕುಡಿಯುತ್ತಾ ಕಲಿತದ್ದು. ಅಲ್ಲಿ ಕೇಳಿದ ಮಾತುಗಳಲ್ಲಿ ಮೊದಲನೆಯದೇ ಇದು: 1963ರ ಲಿಮಿಟೇಶನ್ ಕಾಯ್ದೆಯ ಪ್ರಕಾರ ಅಕ್ರಮ ಬಂಧನಕ್ಕೆ ನಷ್ಟ ಪರಿಹಾರ ಕೇಳುವ ಸಿವಿಲ್ ದಾವೆಯನ್ನು, ಬಂಧನ ಮುಗಿದ ದಿನದಿಂದ ಒಂದೇ ವರ್ಷದೊಳಗೆ ಹೂಡಬೇಕು. ಸುಳ್ಳು ಕೇಸು ನಡೆದು ಖುಲಾಸೆಯಾದವರು ದುರುದ್ದೇಶದ ಮೊಕದ್ದಮೆ ಅಂತ ದಾವೆ ಹೂಡುವುದಾದರೆ, ಖುಲಾಸೆಯಾದ ದಿನದಿಂದ ಒಂದು ವರ್ಷ. ಸಾಲದ ಪತ್ರಕ್ಕೆ ಮೂರು ವರ್ಷ ಇರುವಾಗ ಮನುಷ್ಯನ ಸ್ವಾತಂತ್ರ್ಯಕ್ಕೆ ಒಂದೇ ವರ್ಷ ಏಕೋ, ಕಾನೂನು ಮಾಡಿದವರನ್ನೇ ಕೇಳಬೇಕು.

ದಾವೆಗೆ ಮುಂಚೆ ಸರ್ಕಾರಕ್ಕೂ ಅಧಿಕಾರಿಗೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸು ಕೊಡಬೇಕು. ಗಡುವಿನೊಳಗೆ ನೋಟಿಸು ಹೋದರೆ ಆ ಎರಡು ತಿಂಗಳು ಲೆಕ್ಕದಿಂದ ಬಿಟ್ಟುಹೋಗುತ್ತದೆ. ನಮ್ಮ ಹಮಾಲ ಕಾಕಾಗೆ ಉಳಿದಿರುವ ಆಸರೆ ಅದೊಂದೇ ಎಳೆ. ಮಾನವ ಹಕ್ಕುಗಳ ಆಯೋಗ ಕೂಡ ಒಂದು ವರ್ಷ ಮೀರಿದ ಘಟನೆಯನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ.

ಕ್ಯಾಮೆರಾ ಕಣ್ಣೂ ಮುಚ್ಚುತ್ತದೆ. ಪ್ರತಿ ಪೊಲೀಸ್ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅಷ್ಟು ತಾಕತ್ತಿನ ಯಂತ್ರ ಸಿಗದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕು ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಹೇಳಿದೆ. ಕಾಗದವೇ ಇಲ್ಲದ ಬಂಧನಕ್ಕೆ ಆ ದೃಶ್ಯವೇ ಸಾಕ್ಷಿ. ಆದ್ದರಿಂದ ಬಿಟ್ಟು ಬಂದ ವಾರದಲ್ಲೇ, ಇಂಥ ತಾರೀಖಿನ ದೃಶ್ಯ ಅಳಿಸಬೇಡಿ ಅಂತ ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಅರ್ಜಿ ಹಾಕಿ, ಆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರೆ ಆಯೋಗವೇ ದೃಶ್ಯ ತರಿಸಿಕೊಳ್ಳಬಹುದು. ಮೈಮೇಲೆ ಪೆಟ್ಟಿದ್ದರೆ ಅದೇ ದಿನ ಜಿಲ್ಲಾಸ್ಪತ್ರೆಗೆ ಹೋಗಿ ಗಾಯ ಬರೆಸಬೇಕು. ಮನೆಯಲ್ಲಿ ಅರಿಸಿನ ಹಚ್ಚಿ ಮಲಗಿದರೆ ಗಾಯ ಮಾಯುತ್ತದೆ, ಜೊತೆಗೆ ಸಾಕ್ಷಿಯೂ ಮಾಯ!

ಅಷ್ಟಕ್ಕೂ ಅಕ್ರಮ ಯಾವುದು?

2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹೆಸರು ಬದಲಾದರೂ ಮುಖ್ಯ ಕಟ್ಟಳೆ ಅವೇ. ಬಂಧಿಸಿದರೆ ಮೆಮೊ ಬರೆದು, ಮನೆಯವರೋ ಆ ಓಣಿಯ ಗೌರವಸ್ಥರೋ ಒಬ್ಬರ ಸಾಕ್ಷಿ ಸಹಿ ಹಾಕಿಸಬೇಕು. ಬಂಧಿಸಿದ ವಿಷಯವನ್ನು ಮನೆಯವರಿಗೆ ಮುಟ್ಟಿಸಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರವಣಿಗೆಯಲ್ಲೇ ಕೊಡಬೇಕು, ಯಾವ ಅಪರಾಧವಾದರೂ ಸರಿ, ಅಂತ ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಸ್ಪಷ್ಟ ಮಾಡಿದೆ. "ಅರೆಸ್ಟ್ ಮಾಡಿಲ್ಲ, ಸುಮ್ನೆ ವಿಚಾರಣೆಗೆ ಕರೆಸಿದ್ವಿ" ಎಂಬುದು ಠಾಣೆಯ ಹಳೇ ಮಂತ್ರ. ಮನೆಗೆ ಹೋಗ್ತೀನಿ ಅಂದವನನ್ನು ಹೋಗಗೊಡದೆ ಎರಡು ರಾತ್ರಿ ಕೂಡಿಸಿದರೆ ಅದಕ್ಕೆ ವಿಚಾರಣೆ ಎಂಬ ಹೆಸರು ಒಪ್ಪುವುದಿಲ್ಲ. ಅದು ಅಕ್ರಮ ಬಂಧನವೇ.

ಆತ ಇನ್ನೂ ಒಳಗೇ ಇದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ. ಹೆಂಡತಿ, ಅಣ್ಣ, ಗೆಳೆಯ ಯಾರು ಬೇಕಾದರೂ ಹಾಕಬಹುದು. ಅದಕ್ಕಾಗಿ ಬೆಂಗಳೂರಿಗೇ ಓಡಬೇಕಿಲ್ಲ, ನಮ್ಮ ಕಡೆಯವರಿಗೆ ಧಾರವಾಡದ ಪೀಠವಿದೆ.

ದುಡ್ಡಿನ ಮಾತು

ಓದುಗರು ನಗಬೇಡಿ. ವಿನಾಕಾರಣ ದೂರಿ ಒಬ್ಬನನ್ನು ಹಿಡಿಸಿಕೊಟ್ಟವನಿಂದ ಮ್ಯಾಜಿಸ್ಟ್ರೇಟರು ಪರಿಹಾರ ಕೊಡಿಸಲು ಹೊಸ ಸಂಹಿತೆಯ 399ನೇ ಕಲಂ ಇದೆ. ಮೊತ್ತ? ಹೆಚ್ಚೆಂದರೆ ಒಂದು ಸಾವಿರ ರೂಪಾಯಿ! ಮೊದಲು ನೂರು ಇತ್ತು, 2005ರ ತಿದ್ದುಪಡಿಯಲ್ಲಿ ಸಾವಿರ ಮಾಡಿದರು. ಹೊಸ ಸಂಹಿತೆ ಬರೆದವರು ಅದನ್ನು ಮುಟ್ಟಲೇ ಇಲ್ಲ.

ದೊಡ್ಡ ಪರಿಹಾರ ಸಿಕ್ಕಿದ್ದೆಲ್ಲ ರಿಟ್ ಅರ್ಜಿಯ ದಾರಿಯಲ್ಲಿ. ಬಿಹಾರದ ರುದುಲ್ ಸಾಹ್ 1968ರಲ್ಲಿ ಖುಲಾಸೆಯಾಗಿಯೂ 14 ವರ್ಷ ಜೈಲಿನಲ್ಲೇ ಕೊಳೆತ. 1983ರಲ್ಲಿ ಸುಪ್ರೀಂ ಕೋರ್ಟು ಅವನಿಗೆ ಒಟ್ಟು 35,000 ರೂ. ಕೊಡಿಸಿತು. ಕಾಶ್ಮೀರದ ಶಾಸಕ ಭೀಮ್ ಸಿಂಗರನ್ನು ವಿಧಾನಸಭೆಗೆ ಹೋಗದಂತೆ ಹಿಡಿದಿಟ್ಟದ್ದಕ್ಕೆ 1985ರಲ್ಲಿ 50,000. 1994ರಲ್ಲಿ ಬೇಹುಗಾರನೆಂದು ಬಂಧಿತರಾದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 2018ರಲ್ಲಿ 50 ಲಕ್ಷ. ನಡುವೆ ಹೋದ 24 ವರ್ಷಕ್ಕೆ ರೇಟು ಯಾರು ಕಟ್ಟುತ್ತಾರೆ?

ರಿಟ್ ಏಕೆಂದರೆ, ಸಿವಿಲ್ ದಾವೆಯಲ್ಲಿ ಸರ್ಕಾರದ ವಕೀಲರು 1965ರ ಕಸ್ತೂರಿ ಲಾಲ್ ತೀರ್ಪನ್ನು ಗುರಾಣಿ ಹಿಡಿದು ಬರುತ್ತಾರೆ. ಮೀರತ್ತಿನಲ್ಲಿ ಪೊಲೀಸರು ಚಿನ್ನದ ವ್ಯಾಪಾರಿಯನ್ನು ಹಿಡಿದು ಚಿನ್ನ ಜಪ್ತಿ ಮಾಡಿದರು. ಮಾಲ್ಖಾನೆಯ ಹೆಡ್ ಕಾನ್‌ಸ್ಟೇಬಲ್ ಅದನ್ನು ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿದ. ಆದರೂ ಸರ್ಕಾರ ಹೊಣೆಯಲ್ಲ ಅಂತ ಆಯಿತು! ಮೂಲಭೂತ ಹಕ್ಕಿನ ರಿಟ್ ಅರ್ಜಿಗೆ ಈ ಗುರಾಣಿ ಅಡ್ಡ ಬರುವುದಿಲ್ಲ ಅಂತ 1993ರ ನೀಲಾಬತಿ ಬೆಹೆರಾ ತೀರ್ಪು ಹೇಳಿದೆ. ರಿಟ್‌ಗೆ ಇಷ್ಟೇ ದಿನ ಎಂಬ ಗೆರೆ ಇಲ್ಲವಾದರೂ, ತಡ ಮಾಡಿದರೆ ನ್ಯಾಯಾಧೀಶರು ಏಕೆಂದು ಕೇಳಿಯೇ ಕೇಳುತ್ತಾರೆ.

ಅಧಿಕಾರಿಯ ಮೇಲೇ ಕೇಸು ಹಾಕುವುದು ಇನ್ನೂ ಕಡಿದಾದ ದಾರಿ. ನಮ್ಮ ರಾಜ್ಯದಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಇದೆ. ಕರ್ತವ್ಯದ ನೆಪದಲ್ಲಿ ಅತಿರೇಕ ಮಾಡಿದರೂ ಸರ್ಕಾರದ ಪೂರ್ವಾನುಮತಿ ಬೇಕು ಅಂತ ಅದು ಹೇಳುತ್ತದೆ, 2020ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ತನ್ನ ಪೊಲೀಸರ ಮೇಲೆ ಕೇಸು ಹಾಕಲು ಸರ್ಕಾರವೇ ಅನುಮತಿ ಕೊಡಬೇಕು!

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಕಾಕಾ ಕೈಯಲ್ಲಿದ್ದ ಚಹಾ ಆರಿಹೋಗಿತ್ತು. "ವಕೀಲರಿಗೆ ಕೊಡಾಕ ರೊಕ್ಕ ಎಲ್ಲೈತ್ರಿ?" ಅಂದರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಸ್ಟಡಿಯಲ್ಲಿ ಇರುವವರಿಗೆ, ವರಮಾನ ಕಡಿಮೆ ಇದ್ದವರಿಗೆ ಅಲ್ಲಿ ವಕೀಲರು ಪುಕ್ಕಟೆ, ಕೋರ್ಟು ಫೀಯನ್ನೂ ಅವರೇ ನೋಡಿಕೊಳ್ಳುತ್ತಾರೆ. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ಹಿಡಿದೊಯ್ದ ರಾತ್ರಿ ನೋಡಿದವರ ಹೆಸರು, ಬಿಟ್ಟ ತಾರೀಖು, ಹೆಂಡತಿ ಬುತ್ತಿ ತಂದ ಹೊತ್ತು, ಎಲ್ಲವನ್ನೂ ನಮ್ಮ ನ್ಯೂಸ್‌ಪ್ರಿಂಟ್ ಹಾಳೆಯ ಮೇಲೇ ಬರೆದುಕೊಟ್ಟೆ.

ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಇಟ್ಟರು. "ನಾಳೆ ಯಾರ್ಡಿನ್ಯಾಗ ಟೆಂಡರ್ ಐತ್ರಿ, ಕೂಲಿ ತಪ್ಪತೈತಿ. ಮುಂದಿನ ವಾರ ಹೋಗ್ತೇನಿ."

"ನಾಳೇನೇ ಹೋಗು ಕಾಕಾ," ಅಂದೆ.