ಕಾರಿನ ಚಕ್ರಕ್ಕೆ ಮರಳಿ ಮೆರುಗು

ವ್ಯಾಪಾರಸ್ಥರ ಮನೆಗಳಲ್ಲಿ ಕಾರು ಬರೀ ಅಲಂಕಾರದ ವಸ್ತುವಲ್ಲ. ಖರೀದಿ, ಬ್ಯಾಂಕು, ಮದುವೆ, ತೀರ್ಥಯಾತ್ರೆ ಎಲ್ಲಕ್ಕೂ ಅದೇ. ಮೈಯನ್ನು ವಾರಕ್ಕೊಮ್ಮೆ ತೊಳೆಸುತ್ತೇವೆ. ಚಕ್ರಗಳತ್ತ ನಮ್ಮ ಕಣ್ಣು ಹೋಗುವುದು ಕಾರನ್ನು ಮಾರಲು ಹೊರಟಾಗ. ಕೊಳ್ಳಲು ಬಂದವನಾದರೋ ಚಕ್ರದ ಬಿಳಿ ಕಲೆ ತೋರಿಸಿಯೇ ಚೌಕಾಸಿ ಶುರುಮಾಡುತ್ತಾನೆ. ಈ ಕಲೆಗಳಲ್ಲಿ ಹಲವನ್ನು ಮನೆಯಂಗಳದಲ್ಲೇ ಸರಿಪಡಿಸಬಹುದು. ಆದರೆ ಯಾವುದನ್ನು, ಎಲ್ಲಿಯವರೆಗೆ ಎಂಬುದನ್ನು ಮೊದಲು ತಿಳಿದಿರಬೇಕು.

ಅಲಾಯ್ ಚಕ್ರವೆಂದರೆ ಅಲ್ಯುಮಿನಿಯಮ್ಮಿಗೆ ಸ್ವಲ್ಪ ಸಿಲಿಕಾನ್, ಮೆಗ್ನೀಷಿಯಂ ಬೆರೆಸಿ ಎರಕ ಹೊಯ್ದದ್ದು. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಗಾಜಿನಂಥ ತೆಳುವಾದ ಲೇಪ. ಇದಕ್ಕೇ ಕ್ಲಿಯರ್ ಕೋಟ್ ಎನ್ನುವುದು. ಹೊಳೆಯುವುದು ಲೋಹವೆಂದು ನಮಗೆ ತೋರಿದರೂ ಬಟ್ಟೆ ತಾಗುವುದು ಈ ಲೇಪಕ್ಕೆ. ಹಿತ್ತಾಳೆ ದೀಪ ತಿಕ್ಕುವ ಹುಣಸೆಹಣ್ಣು, ಪಾತ್ರೆ ಉಜ್ಜುವ ಸ್ಟೀಲ್ ನಾರು, ಕಾಸ್ಟಿಕ್ ಸೋಡಾ ಇವೆಲ್ಲ ಅಡುಗೆಮನೆ, ಬಚ್ಚಲಲ್ಲೇ ಇರಲಿ. ಅಲ್ಯುಮಿನಿಯಮ್ಮಿಗೆ ಆಮ್ಲವೂ ಆಗದು, ಕ್ಷಾರವೂ ಆಗದು.

ಲೇಪ ಇದೆಯೋ ಇಲ್ಲವೋ ತಿಳಿಯಲು ಒಂದು ಸುಲಭ ಪರೀಕ್ಷೆಯುಂಟು. ಬಿಳಿ ಬಟ್ಟೆಗೆ ಮೆಟಲ್ ಪಾಲಿಶ್ ಹಚ್ಚಿ, ತೊಳೆದ ಚಕ್ರದ ಮರೆಯಾದ ಮೂಲೆಯಲ್ಲಿ ತುಸು ಉಜ್ಜಿ. ಬಟ್ಟೆ ಕಪ್ಪಾದರೆ ಅದು ಬರಿಯ ಲೋಹ. ಆಗದಿದ್ದರೆ ಲೇಪವಿದೆ.

ಮೊದಲ ಕೆಲಸ ತೊಳೆಯುವುದು, ಅದೂ ಚಕ್ರ ತಣ್ಣಗಾದ ಮೇಲೆ. ಬ್ರೇಕ್ ಹಾಕಿದಾಗಲೆಲ್ಲ ಡಿಸ್ಕ್ ಹಾಗೂ ಪ್ಯಾಡ್‌ಗಳಿಂದ ಬಿಸಿಯಾದ ಕಬ್ಬಿಣದ ಪುಡಿ ಹಾರಿ ಲೇಪಕ್ಕೆ ಕಚ್ಚಿಕೊಳ್ಳುತ್ತದೆ. ಕಂದು ಚುಕ್ಕೆಗಳು ಬರುವುದು ಇದರಿಂದಲೇ. ಕಾರ್ ಶಾಂಪೂ, ಮೆದುವಾದ ಬ್ರಶ್, ಧಾರಾಳ ನೀರು ಸಾಕು. ಒಣಗಿದ ಮೇಲೆ ಗೆರೆಗಳ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಗಾಯ ಲೇಪದಲ್ಲಷ್ಟೇ ಇದೆ. ಕಾರಿನ ಬಣ್ಣಕ್ಕೆ ಹಾಕುವ ನಯವಾದ ಪಾಲಿಶಿಂಗ್ ಕಾಂಪೌಂಡ್‌ನಿಂದ ಕೈಯಲ್ಲೇ ತಿಕ್ಕಿ, ಮೇಣ ಹಚ್ಚಿದರೆ ಮುಗಿಯಿತು. ಮಂಕಾದ ಚಕ್ರಗಳಲ್ಲಿ ಅನೇಕಕ್ಕೆ ಇಷ್ಟೇ ಬೇಕಿರುವುದು. ಬಣ್ಣದ ಡಬ್ಬಿ ತರಲು ಅವಸರ ಬೇಡವೆನ್ನುತ್ತೇವೆ.

ಮಂಜೇಶ್ವರ, ಕಾಸರಗೋಡು ಕಡೆಯ ನಮ್ಮ ಓದುಗರ ತೊಂದರೆ ಬೇರೆ. ಕಲ್ಲು ತಾಗಿ ಲೇಪ ಒಡೆದಲ್ಲಿ ಕಡಲಿನ ಉಪ್ಪು, ತೇವ ಒಳನುಗ್ಗಿ ಲೇಪದ ಅಡಿಯಲ್ಲೇ ಬಿಳಿ ಎಳೆಗಳಂತೆ ಹರಿಯುತ್ತದೆ. ನೋಡಿದರೆ ಹುಳು ಕೊರೆದ ಹಾಗೆ. ಇದಕ್ಕೆ ಮೇಲಿನ ಪಾಲಿಶ್ ಏನೂ ಮಾಡಲಾರದು. ಸಡಿಲಾದ ಲೇಪವನ್ನೆಲ್ಲ ತೆಗೆದು, ೪೦೦ರ ವಾಟರ್ ಪೇಪರಿನಿಂದ ಬಿಳಿ ಪುಡಿ ಪೂರ್ತಿ ಹೋಗುವ ತನಕ ಉಜ್ಜಬೇಕು. ಬಳಿಕ ೬೦೦, ೮೦೦. ಒಳ್ಳೆಯ ಲೇಪದ ಅಂಚು ಬೆರಳಿಗೆ ಮೆಟ್ಟಿಲಿನಂತೆ ತಾಗಬಾರದು. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ ನಂತರ ಬರಿಗೈ ಮುಟ್ಟಿಸಬೇಡಿ, ಬೆರಳಿನ ಜಿಡ್ಡೂ ಲೇಪ ಹಿಡಿಯಗೊಡದು. ಲೋಹ ಕಂಡಲ್ಲಿ ಎಚ್ ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಮೂರು ತೆಳು ಸಲ, ನಡುವೆ ಡಬ್ಬಿಯ ಮೇಲೆ ಬರೆದಷ್ಟು ಬಿಡುವು. ದಪ್ಪಗೆ ಒಂದೇ ಸಲ ಹೊಡೆದರೆ ಇಳಿಯುತ್ತದೆ. ಮಳೆಗಾಲದಲ್ಲಂತೂ ಈ ಕೆಲಸ ಹಿಡಿಯಲೇಬಾರದು. ಗಾಳಿಯ ತೇವಕ್ಕೆ ಲೇಪ ಹಾಲಿನಂತೆ ಬೆಳ್ಳಗಾಗುತ್ತದೆ.

ಗಟ್ಟಿ ಬೆರೆಸುವ ೨ಕೆ ಕ್ಲಿಯರ್ ಹೆಚ್ಚು ಬಾಳುವುದು ನಿಜ. ಅದರಲ್ಲಿ ಐಸೊಸಯನೇಟ್ ಇರುವುದರಿಂದ ಉಸಿರಿಗೆ ಅಪಾಯ. ಮೂಗಿಗೆ ಕರವಸ್ತ್ರ ಕಟ್ಟಿದರೆ ತಡೆಯದು. ಮಕ್ಕಳು ಓಡಾಡುವ ಮನೆಯಲ್ಲಿ ಅದು ಬೇಡ, ಪೇಂಟಿಂಗ್ ಗ್ಯಾರೇಜಿಗೇ ಬಿಡಿ. ಲೇತ್‌ನಲ್ಲಿ ಕಡೆದ, ಗ್ರಾಮಫೋನ್ ತಟ್ಟೆಯಂಥ ಸಣ್ಣ ಗೆರೆಗಳಿರುವ ಚಕ್ರವನ್ನೂ ಕೈಯಿಂದ ಉಜ್ಜಬಾರದು. ಗೆರೆ ಅಳಿಸಿದರೆ ಮತ್ತೆ ಲೇತ್‌ಗೇ ಹೋಗಬೇಕು, ಪ್ರತಿ ಸಲವೂ ಲೋಹ ಸವೆಯುತ್ತದೆ. ಇನ್ನು ಬಿರುಕು ಬಿಟ್ಟ ಚಕ್ರ! ಅದಕ್ಕೆ ಬಣ್ಣ ಹಚ್ಚಿ ಮಾರುವುದು ವ್ಯಾಪಾರವಲ್ಲ, ಇನ್ನೊಬ್ಬರ ಮನೆಯವರ ಜೀವದ ಜೊತೆ ಆಟ.

ಚಕ್ರ ಬಿಚ್ಚುವಾಗ ಕಾರನ್ನು ಬರೀ ಜಾಕಿಯ ಮೇಲೆ ನಿಲ್ಲಿಸಿ ಬಿಡಬೇಡಿ, ಸ್ಟ್ಯಾಂಡ್ ಕೊಡಿ. ನಟ್ಟು ಕೂರುವ ಕುಳಿಗಳಿಗೂ ಹಬ್ಬಿಗೆ ಅಂಟುವ ಹಿಂಬದಿಗೂ ಮೊದಲೇ ಟೇಪ್ ಅಂಟಿಸಿ. ಅಲ್ಲಿ ಬಣ್ಣ ಕೂತರೆ ಓಡಾಟದಲ್ಲಿ ಅದು ನಲುಗಿ ನಟ್ಟು ಸಡಿಲಾಗುತ್ತದೆ. ಮರಳಿ ಜೋಡಿಸುವಾಗ ನಟ್ಟುಗಳನ್ನು ಎದುರುಬದುರಾಗಿ, ಕಾರಿನ ಪುಸ್ತಕದಲ್ಲಿ ಹೇಳಿದ ಬಿಗಿಗೆ ತಿರುಗಿಸಿ. ೫೦ರಿಂದ ೧೦೦ ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.