ಟೊಳ್ಳು ಮೂಳೆಗೆ ಮಾತ್ರೆ ಬೇಕೆ, ಬೇಡವೆ?



ಬಚ್ಚಲಲ್ಲಿ ಕಾಲು ಜಾರಿ ಕುಳಿತಂತೆ ಬಿದ್ದ ಅಜ್ಜಿ ಮತ್ತೆ ಎದ್ದು ನಡೆಯಲಿಲ್ಲ ಎಂಬ ಮಾತನ್ನು ಕೇಳದ ಊರು ಇರಲಾರದು. ಬಿದ್ದ ಎತ್ತರ ಒಂದು ಮಣೆಯಷ್ಟು. ಮುರಿದದ್ದು ಸೊಂಟದ ಕೀಲಿನ ಬಳಿಯ ತೊಡೆಮೂಳೆ. ವಯಸ್ಸಾಯಿತು, ಹಣೆಬರಹ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಅಷ್ಟು ಸಣ್ಣ ಪೆಟ್ಟಿಗೆ ಮೂಳೆ ಮುರಿದರೆ ಅದು ಒಳಗೆ ಮೊದಲೇ ಟೊಳ್ಳಾಗಿತ್ತೆಂದು ತಿಳಿಯಬೇಕು. ವೈದ್ಯರು ಇದನ್ನು ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ಇದಕ್ಕೆ ಔಷಧವಿದೆ. ಅದನ್ನು ಯಾರು ತೆಗೆದುಕೊಳ್ಳಬೇಕು, ಯಾರಿಗೆ ಅವಸರವಿಲ್ಲ ಎಂಬುದೇ ಈ ಲೇಖನದ ವಿಷಯ. ಬೆಳೆಯ ವಿಚಾರ ಕೇಳಲು ಬಂದವರು ಮನೆಯ ಹಿರಿಯರ ಔಷಧದ ಚೀಟಿಯನ್ನೂ ಮುಂದೆ ಹಿಡಿಯುವುದುಂಟು. ನಾನು ವೈದ್ಯನಲ್ಲ, ವೈದ್ಯರ ಬಳಿಗೆ ಹೋಗುವ ಮುನ್ನ ತಾವು ತಿಳಿದಿರಬೇಕಾದುದನ್ನು ಮಾತ್ರ ಬರೆಯುತ್ತೇನೆ.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಮಂಡಿನೋವಿಗೆ ಹೋದವರಿಗೆ "ಮೂಳೆ ಸವೆದಿದೆ" ಎಂದು ಹೇಳುತ್ತಾರಲ್ಲ, ಅದು ಕೀಲು ಸವೆತ, ಬೇರೆಯೇ ಕಾಯಿಲೆ. ಟೊಳ್ಳು ಮೂಳೆಗೆ ನೋವಿಲ್ಲ, ಮುರಿಯುವವರೆಗೆ ಸದ್ದೂ ಇಲ್ಲ. ಆದ್ದರಿಂದ "ಮಾತ್ರೆ ನುಂಗಿದರೂ ಮಂಡಿನೋವು ಕಡಮೆಯಾಗಲಿಲ್ಲ" ಎಂದು ಇದನ್ನು ನಿಲ್ಲಿಸುವುದು ಸರಿಯಲ್ಲ. ಈ ಮಾತ್ರೆ ನೋವಿಗಲ್ಲ, ಮುಂದೆ ಆಗಬಹುದಾದ ಮುರಿತವನ್ನು ತಡೆಯುವುದಕ್ಕೆ.

ಮೂಳೆ ಕಲ್ಲಿನಂತೆ ಒಮ್ಮೆ ಆಗಿ ನಿಂತ ವಸ್ತುವಲ್ಲ. ಅದನ್ನು ಹೊಲದ ಬದುವಿಗೆ ಹೋಲಿಸಬಹುದು. ಒಂದು ಕಡೆ ಹಳೆಯ ಮಣ್ಣನ್ನು ಕೆರೆದು ತೆಗೆಯುವ ಆಳುಗಳು, ಇನ್ನೊಂದು ಕಡೆ ಹೊಸ ಮಣ್ಣನ್ನು ಮೆತ್ತುವ ಆಳುಗಳು, ದಿನವೂ ಕೆಲಸ ಮಾಡುತ್ತಿರುತ್ತಾರೆ. ಪ್ರಾಯದಲ್ಲಿ ಎರಡೂ ಸರಿಸಮ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಕೆರೆಯುವವರ ಕೈ ಮೇಲಾಗುತ್ತದೆ. ಚಿಕ್ಕ ವಯಸ್ಸಿನಲ್ಲಿಯೇ ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಈ ನಷ್ಟ ಇನ್ನೂ ಬೇಗ ಶುರುವಾಗುತ್ತದೆ. ಗಂಡಸರು ಇದರಿಂದ ಪಾರಾದರೆಂದಲ್ಲ. ಬೀಡಿ, ಹೆಂಡ, ಉಬ್ಬಸಕ್ಕೋ ಕೀಲುನೋವಿಗೋ ತಿಂಗಳುಗಟ್ಟಲೆ ನುಂಗುವ ಸ್ಟೀರಾಯ್ಡ್ ಮಾತ್ರೆ, ಇವು ಯಾರ ಮೂಳೆಯನ್ನೂ ಬಿಡುವುದಿಲ್ಲ. ಸಂತೆಯಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಕೀಲುನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಅಂಥದನ್ನು ತಿಂದಿದ್ದರೆ ವೈದ್ಯರಿಂದ ಮುಚ್ಚಿಡಬೇಡಿರಿ.

ಪರೀಕ್ಷೆಯ ವಿಷಯಕ್ಕೆ ಬರೋಣ. ಮೂಳೆಯ ಸಾಂದ್ರತೆಯನ್ನು ಸರಿಯಾಗಿ ಅಳೆಯುವುದು ಡೆಕ್ಸಾ ಎಂಬ ಯಂತ್ರ. ಇದು ಎಲ್ಲ ಊರುಗಳಲ್ಲಿಯೂ ಇಲ್ಲ, ದೊಡ್ಡ ಪಟ್ಟಣಕ್ಕೆ ಹೋಗಬೇಕಾದೀತು. ಅದರ ಚೀಟಿಯಲ್ಲಿ ಟಿ-ಸ್ಕೋರ್ ಎಂಬ ಅಂಕಿ ಇರುತ್ತದೆ. ಸೊನ್ನೆಗಿಂತ 1 ಕೆಳಗಿನವರೆಗೆ ಸರಿ, 1ರಿಂದ 2.5ರವರೆಗೆ ಕೆಳಗಿದ್ದರೆ ಮೂಳೆ ತೆಳುವು, 2.5 ಅಥವಾ ಅದಕ್ಕೂ ಕೆಳಗಿದ್ದರೆ ಟೊಳ್ಳು. ಊರಿಗೆ ಬಂದು ಹಿಮ್ಮಡಿಯನ್ನು ಪೆಟ್ಟಿಗೆಯಲ್ಲಿಡಿಸಿ ಚೀಟಿ ಕೊಡುವ ಶಿಬಿರಗಳಿವೆ. ಅದು ಸುಳಿವು ಮಾತ್ರ. ಆ ಚೀಟಿಯನ್ನು ನಂಬಿ ಅಲ್ಲಿಯೇ ಮಾರುವ ಡಬ್ಬಿಗೆ ಹಣ ಸುರಿಯಬಾರದು.

ಅಂಕಿ ಒಂದೇ ಎಲ್ಲವನ್ನೂ ಹೇಳುವುದಿಲ್ಲ. ಒಂದೇ ಬೀದಿಯ ಇಬ್ಬರನ್ನು ಊಹಿಸಿಕೊಳ್ಳಿರಿ. ಒಬ್ಬಾಕೆಗೆ 54 ವರ್ಷ, ಗಟ್ಟಿಮುಟ್ಟು, ಎಂದೂ ಮೂಳೆ ಮುರಿದಿಲ್ಲ, ಟಿ-ಸ್ಕೋರ್ ಸೊನ್ನೆಗಿಂತ 1.8 ಕೆಳಗೆ. ಇನ್ನೊಬ್ಬಾಕೆಗೆ 70, ಹಿಂದಿನ ವರ್ಷ ಹಟ್ಟಿಯಲ್ಲಿ ಮುಗ್ಗರಿಸಿ ಬೆನ್ನೆಲುಬಿನ ಒಂದು ಮಣಿ ಕುಸಿದಿದೆ, ಗೂನು ಬಂದಿದೆ. ಎರಡನೆಯಾಕೆಗೆ ಡೆಕ್ಸಾ ಸಿಗದಿದ್ದರೂ ಔಷಧದ ಕಾರಣ ಸಾಕಷ್ಟಿದೆ. ಸಣ್ಣ ಬೀಳುವಿಕೆಯಿಂದ ಸೊಂಟವೋ ಬೆನ್ನೆಲುಬೋ ಮುರಿದಿದ್ದರೆ ಅದೇ ದೊಡ್ಡ ಸಾಕ್ಷಿ. ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಸಂಭವ ಹೆಚ್ಚು.

ಲಾಭ ಎಷ್ಟು? 1996ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೆನ್ನೆಲುಬಿನ ಮಣಿ ಆಗಲೇ ಕುಸಿದಿದ್ದ 2,027 ಹೆಂಗಸರನ್ನು ಸುಮಾರು ಮೂರು ವರ್ಷ ನೋಡಿದರು. ಅರ್ಧ ಜನಕ್ಕೆ ಅಲೆಂಡ್ರೊನೇಟ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಹುಸಿ ಮಾತ್ರೆಯವರಲ್ಲಿ ಸಾವಿರಕ್ಕೆ 22 ಮಂದಿಯ ಸೊಂಟ ಮುರಿಯಿತು, ಔಷಧದವರಲ್ಲಿ 11. ಬೆನ್ನೆಲುಬಿನ ಹೊಸ ಕುಸಿತ ಸಾವಿರಕ್ಕೆ 150 ಇದ್ದದ್ದು 80ಕ್ಕೆ ಇಳಿಯಿತು. ಮಾತ್ರೆ ಕೆರೆಯುವ ಆಳುಗಳ ಕೈಯನ್ನು ನಿಧಾನ ಮಾಡುತ್ತದೆ, ಅಷ್ಟೆ. ಹಾಗಾಗಿ ನುಂಗಿದವರಲ್ಲಿಯೂ ಕೆಲವರಿಗೆ ಮುರಿದೇ ಮುರಿಯಿತು.

ಇಲ್ಲಿ ರೈತನ ಲೆಕ್ಕ ಹಾಕಿರಿ. ರೋಗ ಹತ್ತಿದ ಹೊಲದಲ್ಲಿ ಅರ್ಧ ನಷ್ಟ ತಪ್ಪಿಸಿದರೆ ಮೂಟೆಗಟ್ಟಲೆ ಉಳಿಯುತ್ತದೆ. ಎಲ್ಲೋ ನಾಲ್ಕು ಎಲೆಗೆ ಚುಕ್ಕೆ ಬಿದ್ದ ಹೊಲದಲ್ಲಿ ಅರ್ಧ ತಪ್ಪಿಸಿದರೆ ಸಿಂಪಡಣೆಯ ಖರ್ಚೂ ಹುಟ್ಟದು. 70 ವರ್ಷದಾಕೆಯ ಹೊಲ ಮೊದಲನೆಯದು, 54ರಾಕೆಯದು ಎರಡನೆಯದು. ಆಕೆ ಒಳ್ಳೆಯ ಊಟ, ಮೈಕೆಲಸ ನಡೆಸಿಕೊಂಡು ಕೆಲವು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದರೆ ತಪ್ಪೇನೂ ಇಲ್ಲ. ಇಬ್ಬರ ನಡುವೆ ಇರುವವರೇ ಹೆಚ್ಚು. ಅಂಥವರಿಗಾಗಿ ಫ್ರಾಕ್ಸ್ ಎಂಬ ಲೆಕ್ಕವಿದೆ: ವಯಸ್ಸು, ತೂಕ, ಹಿಂದಿನ ಮುರಿತ, ತಂದೆ ಅಥವಾ ತಾಯಿಯ ಸೊಂಟ ಮುರಿದಿತ್ತೆ, ಬೀಡಿ, ಸ್ಟೀರಾಯ್ಡ್ ಇವನ್ನು ಕೇಳಿ ಹತ್ತು ವರ್ಷದಲ್ಲಿ ಮುರಿಯುವ ಸಂಭವವನ್ನು ನೂರಕ್ಕೆ ಇಷ್ಟೆಂದು ತಿಳಿಸುತ್ತದೆ. ಭಾರತದವರಿಗೂ ಪ್ರತ್ಯೇಕ ಲೆಕ್ಕ ಅದರಲ್ಲಿದೆ. ವೈದ್ಯರನ್ನು ಧೈರ್ಯವಾಗಿ ಕೇಳಿರಿ.

ಮಾತ್ರೆ ಎಂದು ತೀರ್ಮಾನವಾದರೆ ನುಂಗುವ ಕ್ರಮ ಬಲು ಮುಖ್ಯ. ಅಲೆಂಡ್ರೊನೇಟ್ 70 ಮಿಲಿಗ್ರಾಂ ವಾರಕ್ಕೆ ಒಂದೇ ದಿನ. ಸಂತೆಯ ದಿನವನ್ನೇ ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ಎದ್ದೊಡನೆ ಬರಿಹೊಟ್ಟೆಯಲ್ಲಿ, ತುಂಬಿದ ಲೋಟ ಬರಿಯ ನೀರಿನೊಂದಿಗೆ ನುಂಗಬೇಕು. ಕಾಫಿ, ಹಾಲು, ಅಂಬಲಿ, ಕ್ಯಾಲ್ಸಿಯಂ ಮಾತ್ರೆ ಯಾವುದೂ ಜೊತೆಗೆ ಕೂಡದು. ಕೂಡಿದರೆ ಔಷಧ ಮೈಗೆ ಹತ್ತದು. ಆಮೇಲೆ ಅರ್ಧ ಗಂಟೆ ಏನೂ ತಿನ್ನದೆ ಕುಳಿತೋ ನಿಂತೋ ಇರಬೇಕು, ಮಲಗಬಾರದು. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ನಿಂತು ಹುಣ್ಣು ಮಾಡಬಹುದು. ಕುಳಿತಿರಲಾರದವರಿಗೆ, ಅನ್ನನಾಳದ ತೊಂದರೆ ಇರುವವರಿಗೆ ವರ್ಷಕ್ಕೊಮ್ಮೆ ನರದ ಮೂಲಕ ಹನಿಸುವ ಜೊಲೆಡ್ರೊನಿಕ್ ಆಮ್ಲವಿದೆ. ಮೊದಲ ಸಲ ಎರಡು ಮೂರು ದಿನ ಜ್ವರ, ಮೈಕೈನೋವು ಬರುವುದುಂಟು; ಹೆದರಬೇಕಾದುದಿಲ್ಲ. ಮೂತ್ರಪಿಂಡ ಸೊರಗಿದವರಿಗೆ ಇವೆರಡೂ ಸಲ್ಲವು, ಆದ್ದರಿಂದ ಮೊದಲು ರಕ್ತಪರೀಕ್ಷೆ. ಡಿ ಜೀವಸತ್ವ ತೀರ ಕಡಮೆಯಿದ್ದರೆ ಅದನ್ನು ಮೊದಲು ಸರಿಪಡಿಸಬೇಕು.

ಕೇಡು ಇಲ್ಲವೆ? ಉಂಟು, ಅಪರೂಪ. ದವಡೆಯ ಮೂಳೆ ಮಾಯದೆ ಕೊಳೆಯುವುದು ಒಂದು. ಹಲ್ಲು ಕೀಳಿಸುವುದಿದ್ದರೆ ಔಷಧ ಶುರುಮಾಡುವ ಮೊದಲೇ ಕೀಳಿಸಿಬಿಡುವುದು ಲೇಸು. ಇನ್ನೊಂದು, ಬಹಳ ವರ್ಷ ನುಂಗಿದವರಲ್ಲಿ ತೊಡೆಮೂಳೆಯ ನಡುಭಾಗ ಬಿರುಕು ಬಿಡುವುದು. ತೊಡೆಯಲ್ಲೋ ತೊಡೆಸಂದಿಯಲ್ಲೋ ಮಂದವಾದ ನೋವು ಬಿಡದೆ ಬಂದರೆ ತಡಮಾಡದೆ ಹೇಳಬೇಕು. ಈ ಕಾರಣಕ್ಕೇ ಐದು ವರ್ಷವಾದ ಮೇಲೆ ನಿಲ್ಲಿಸಬಹುದೆ ಎಂದು ವೈದ್ಯರು ಮತ್ತೆ ಯೋಚಿಸುತ್ತಾರೆ. ಆದರೆ ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮಾಬ್ ಹಾಗಲ್ಲ. ಅದನ್ನು ಕೈಬಿಟ್ಟರೆ ಉಳಿಸಿದ ಮೂಳೆ ಬೇಗನೆ ಕರಗಿ ಬೆನ್ನೆಲುಬಿನ ಹಲವು ಮಣಿಗಳು ಒಟ್ಟಿಗೆ ಕುಸಿದದ್ದುಂಟು. ಬೇರೆ ಔಷಧ ಗೊತ್ತುಮಾಡಿಕೊಳ್ಳದೆ ಅದನ್ನು ನಿಲ್ಲಿಸಲೇಬಾರದು. ವರ್ಷಾನುವರ್ಷ ಖರ್ಚು ತಡೆಯಲಾರದವರು ಶುರುಮಾಡುವ ಮುನ್ನವೇ ಇದನ್ನು ಕೇಳಬೇಕು.

ರಾಗಿ ಮುದ್ದೆ ಸಾಲದೆ ಎನ್ನುವಿರಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೊಳಕೆ ಕಟ್ಟಿದರೆ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಮುದ್ದೆ, ಹಾಲು, ಮಜ್ಜಿಗೆ, ಬಿಸಿಲು ಇವು ಬದುವಿಗೆ ಮಣ್ಣು. ಮಣ್ಣಿಲ್ಲದೆ ಔಷಧವೂ ಕೆಲಸ ಮಾಡದು. ಮಣ್ಣೊಂದರಿಂದಲೇ ಕುಸಿದ ಬದು ನಿಲ್ಲದು.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯಂತೆ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿಯ ನೀರನ್ನು ಬಹುಕಾಲ ಕುಡಿದವರಿಗೆ ಒಂದು ಮಾತು. ಫ್ಲೋರೈಡ್ ಸೇರಿದ ಮೂಳೆ ಯಂತ್ರಕ್ಕೆ ಗಟ್ಟಿಯಾಗಿ ಕಂಡರೂ ನಿಜದಲ್ಲಿ ಪೆಡಸಾಗಿರಬಹುದು. ಅಂಕಿ ಚೆನ್ನಾಗಿದೆಯೆಂದು ಮೋಸಹೋಗಬಾರದು. ಯಾವ ನೀರು, ಎಷ್ಟು ವರ್ಷ ಎಂಬುದನ್ನು ವೈದ್ಯರಿಗೆ ತಿಳಿಸಿರಿ. ಅದರೊಡನೆ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ಎಕ್ಸ್‌ರೇ, ಎಂದು ಹೇಗೆ ಬಿದ್ದದ್ದು ಎಂಬ ವಿವರ ಚೀಲದಲ್ಲಿರಲಿ. ಹೋಗುವ ಮೊದಲೇ ಬಚ್ಚಲಿನ ಪಾಚಿ ಉಜ್ಜಿಸಿ ಗೋಡೆಗೆ ಹಿಡಿಯೊಂದನ್ನು ಹಾಕಿಸಿರಿ, ಹಿರಿಯರ ಕಣ್ಣಿನ ಪೊರೆ ತೋರಿಸಿರಿ. ಅದಕ್ಕೆ ಯಾವ ವೈದ್ಯರ ಚೀಟಿಯನ್ನೂ ಕಾಯಬೇಕಾಗಿಲ್ಲ.